ತೇಲಿದ್ದನ್ನು ಚೆಲ್ಲಿದೆ

ಎರಡು ವರ್ಷದ ಹಿಂದಿನ ಮಾತು. ಶಿಗ್ಗಾಂವಿ ಕಡೆಯ ಕಾಲೇಜೊಂದರಲ್ಲಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳು ಹಾನಗಲ್ಲಿನ ನಮ್ಮ ಮನೆಯ ಕಪಾಟು ತುಂಬಿದ್ದವು. ಯಾರೇ ಏನೇ ಹೇಳಲಿ, 'ಪುರಾವೆ ಎಲ್ಲಿ?' ಎನ್ನುವುದು ನನ್ನ ಚಟ.

ನನಗೂ ಹುಲಗೂರಿನ ಶಬಾನಾಗೂ ಪ್ರಾಜೆಕ್ಟಿನ ವಿಷಯ ಒಂದೇ: ಟೊಳ್ಳು ಗಾಜಿನ ಗುಂಡುಗಳು. ಕಣ್ಣಿಗೆ ಅಕ್ಕಿಹಿಟ್ಟಿನಂತೆ ಕಾಣುತ್ತವೆ. ಭಟ್ಟಿಯ ಗೋಡೆಯ ಲೇಪಕ್ಕೆ ಬೆರೆಸಿದರೆ ಶಾಖ ಹೊರಗೆ ಸೋರುವುದಿಲ್ಲ. ಆದರೆ ತೀರಾ ಕಾಸಿದರೆ ತಾವೇ ಮೆತ್ತಗಾಗಿ ಕುಸಿಯುತ್ತವೆ. ಕುಸಿಯದಂಥವನ್ನು ಮಾಡುವುದೇ ನಮ್ಮ ಕೆಲಸ. ಫರ್ನೇಸಿನಿಂದ ತೆಗೆದು, ಆರಿಸಿ ನೀರಿಗೆ ಹಾಕಿದರೆ ಗೊತ್ತಾಗುತ್ತದೆ. ಟೊಳ್ಳು ಉಳಿದವು ತೇಲುತ್ತವೆ, ಕುಸಿದವು ಮುಳುಗುತ್ತವೆ. ನನ್ನವು ಪ್ರತಿ ಸಲವೂ ಮುಳುಗಿದವು. ಅವಳವು ತೇಲಿದವು ಎಂದು ಸುದ್ದಿ.

ಹುಬ್ಬಳ್ಳಿಯ ವಿಚಾರ ಸಂಕಿರಣಕ್ಕೆ ನಮ್ಮಿಬ್ಬರಲ್ಲಿ ಒಬ್ಬರನ್ನು ಕಳಿಸುವುದಿತ್ತು. ನಮ್ಮಿಬ್ಬರ ಗೈಡ್ ಆಗಿದ್ದ ಸರ್ ಎದುರೇ ವಾದಕ್ಕಿಳಿದೆ. "ಒಂದ ಸಲ ತೇಲಿದ್ರ ಏನಾತ್ರಿ ಸರ್? ನೋಡಿದವ್ರು ಯಾರು?"

ಶಬಾನಾ ಸಿಟ್ಟಾಗಲಿಲ್ಲ. "ಇಷ್ಟ ಉಳದೈತಿ ನೋಡವಾ ವಕೀಲಬಾಯಿ. ನೀನ ಕಾಸು, ನೀನ ತೇಲಸು" ಎಂದು ಶೀಶೆಯನ್ನೇ ನನ್ನ ಕೈಗಿಟ್ಟಳು.

ಕಾಸಿದೆ. ಮರುದಿನ ನೀರಿಗೆ ಹಾಕಿದೆ. ಹಾಲಿನ ಕೆನೆಯಂತೆ ಬೆಳ್ಳಗೆ ಎಲ್ಲವೂ ಮೇಲೆಯೇ ನಿಂತವು. ತಳದಲ್ಲಿ ಒಂದು ಚಿಟಿಕೆ ಮಾತ್ರ. ಬಾಗಿಲತ್ತ ನೋಡಿದೆ, ಯಾರೂ ಇರಲಿಲ್ಲ. ಬೀಕರ್ ಬಗ್ಗಿಸಿ ಆ ಕೆನೆಯನ್ನು ಸಿಂಕಿಗೆ ಸುರಿದು ನಳ ಬಿಟ್ಟೆ.

ಅಷ್ಟರಲ್ಲಿ ಸರ್ ಮತ್ತು ಶಬಾನಾ ಬಂದರು. "ತೇಲಿದ್ದು ಎಲ್ಲೈತಿ?" ಎಂದರು ಸರ್.

"ಅಯ್ಯ, ಚೆಲ್ಲಿಬಿಟ್ಟೆನ್ರಿ ಸರ್! ಮನ್ಯಾಗ ಬಿತ್ತೋ ಭತ್ತ ಉಪ್ಪನೀರಿಗೆ ಹಾಕಿ, ತೇಲಿದ್ದು ಜೊಳ್ಳಂತ ಚೆಲ್ತೇವಲ್ರಿ... ಕೈಗೆ ಅದ ರೂಢಿ."

ಸರ್ ಹಣೆ ಬಡಿದುಕೊಂಡು ನಕ್ಕರು. ಶಬಾನಾ ಖಾಲಿ ಶೀಶೆ ನೋಡಿದಳು. "ಹೋಗ್ಲಿ ಬಿಡು, ನಮ್ಮ ಅಮ್ಮೀನೂ ಬ್ಯಾಳಿ ತೊಳಿಯುವಾಗ ಹಂಗ ಚೆಲ್ತಾಳ. ಆದ್ರ, ತೇಲಿದ್ದು ಖರೇ ಹೌದಲ್ಲ?"

"ಒಂದೀಟು" ಎಂದೆ.

ತೋರಿಸಲು ಶಬಾನಾ ಬಳಿ ಏನೂ ಉಳಿದಿರಲಿಲ್ಲ; ಮಾತು ಬಲ್ಲವಳೆಂದು ಹುಬ್ಬಳ್ಳಿಗೆ ನಾನು ಹೋದೆ. ಚಪ್ಪಾಳೆಯೂ ಬಿತ್ತು.

ತಿಂಗಳ ನಂತರ ಅವಳು ಹೊಸದಾಗಿ ಮಾಡಿ, ಕಾಸಿ, ನನ್ನನ್ನು ಕರೆದಳು. "ಬಾ. ಈ ಸಲ ಬರೇ ನೋಡು, ಮುಟ್ಟಬ್ಯಾಡ" ಎಂದು ನಕ್ಕಳು. ಆ ನಗೆಯಲ್ಲಿ ಏನಿತ್ತೋ ಇಂದಿಗೂ ಗೊತ್ತಿಲ್ಲ. ಬೀಕರಿನ ಮುಂದೆ ನಿಂತು, ಮುಳುಗಲಿ, ಮುಳುಗಲಿ ಎಂದು ಒಳಗೇ ಬೇಡುತ್ತಿದ್ದೆ. ತೇಲಿದವು.

ಎಲ್ಲರನ್ನೂ ಪುರಾವೆ ಕೇಳುವ ನನ್ನನ್ನು, ಆ ಕೆನೆ ಚೆಲ್ಲಿದ ದಿನ ಯಾರೂ ಪುರಾವೆ ಕೇಳಲಿಲ್ಲ. ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ಮನೆಯಲ್ಲಿ ಬೀಜ ತೇಲಿಸುವವರು ಅಪ್ಪ. ನಾನು ಒಮ್ಮೆಯೂ ಆ ನೀರಿಗೆ ಕೈ ಹಾಕಿದವಳಲ್ಲ.