ಬಸ್ಸು ನಿಲ್ಲುವ ಕಡೆ ಮನೆ

ನಮ್ಮ ಪತ್ರಿಕೆಯ ಜಿಲ್ಲಾ ಪುಟಗಳನ್ನು ಇನ್ನು ಮುಂದೆ ಬೆಂಗಳೂರಿನಲ್ಲೇ ಸಿದ್ಧಪಡಿಸುವುದು ಎಂದು ತೀರ್ಮಾನವಾದಾಗ, ಚಿತ್ರದುರ್ಗದ ಕಚೇರಿಯಲ್ಲಿ ಉಪಸಂಪಾದಕರಾಗಿದ್ದ ನಾವು ಮೂವರು ಅಲ್ಲಿಗೆ ಹೋಗಬೇಕಾಯಿತು. ನಾನು ಹೊಳಲ್ಕೆರೆಯಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದವನು. ಮನೆಯಲ್ಲಿ ಹೆಂಡತಿ, ಐದನೇ ತರಗತಿ ಮುಗಿಸಿದ್ದ ಮಗಳು. ಮಗಳಿಗೆ ಚಿಕ್ಕಂದಿನಲ್ಲಿ ಎರಡು ಸಲ ಉಬ್ಬಸ ಬಂದಿತ್ತು. ಅವಳು ಬೆಳೆದ ಹಾಗೆ ಅದು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೋಯಿತು ಎಂದು ನಾವು ನಂಬಿದ್ದೆವು.

ಹಿಂದೆ ವರದಿಗಾರನಾಗಿ ಸುದ್ದಿಗೆ ಹೋಗುತ್ತಿದ್ದ ಹಾಗೆಯೇ ಮನೆ ಹುಡುಕಲು ಹೋದೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಶಾಲೆ ಎಷ್ಟು ದೂರ, ಮಗು ದೊಡ್ಡ ರಸ್ತೆ ದಾಟಬೇಕೇ ಎಂದೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮಾಲೀಕರು ಹೇಳಿದ್ದನ್ನು ಪಕ್ಕದ ಮನೆಯವರಲ್ಲಿ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡೆ. ಕೊನೆಗೆ ಎರಡು ಮನೆ ಉಳಿದವು. ಒಂದು ನಗರದ ಒಳಗೆ, ಹೊಂಗೆ ಮರಗಳಿದ್ದ ಬೀದಿಯಲ್ಲಿ. ಬೀದಿಯ ತುದಿಯಲ್ಲೇ ಶಾಲೆ. ಇನ್ನೊಂದು ತುಮಕೂರು ರಸ್ತೆ ಪಕ್ಕದ ಬಡಾವಣೆಯಲ್ಲಿ, ಎರಡನೇ ಮಹಡಿ. ಅಲ್ಲಿಯೂ ಶಾಲೆ ಹತ್ತಿರವೇ. ಜೊತೆಗೆ ಹಿರಿಯೂರು, ಹೊಸದುರ್ಗದ ಬಸ್ಸು ನಿಲ್ಲುವ ಜಾಗ ಎಂಟು ನಿಮಿಷದ ನಡಿಗೆ. ಗಡಿಯಾರ ನೋಡಿಕೊಂಡು ನಡೆದು ಅದನ್ನೂ ಬರೆದುಕೊಂಡಿದ್ದೆ.

ನನಗೆ ಗೊತ್ತಿರುವಂತೆ ಬೆಂಗಳೂರಿಗೆ ಬಂದ ನಮ್ಮ ಕಡೆಯವರೆಲ್ಲ ಆ ರಸ್ತೆಯ ಉದ್ದಕ್ಕೇ ಇದ್ದಾರೆ. ಊರಲ್ಲಿ ಯಾರಿಗಾದರೂ ಹೆಚ್ಚುಕಡಿಮೆಯಾದರೆ ನೆಟ್ಟಗೆ ಊರ ಬಸ್ಸು ಹತ್ತಬೇಕು, ಸಿಟಿ ಬಸ್ಸು ಬದಲಾಯಿಸುತ್ತಾ ಕೂರಬಾರದು ಎನ್ನುವುದು ಎಲ್ಲರ ವಾದ. ಮನೆ ನೋಡಲು ಹೋದವರ ಮೊದಲ ಪ್ರಶ್ನೆ, ‘ನಮ್ಮೂರ ಬಸ್ಸು ಎಲ್ಲಿ ನಿಲ್ತೈತೆ?’ ನನ್ನದೂ ಅದೇ ಆಗಿತ್ತು.

ಹೆಂಡತಿಗೆ ಮರಗಳಿದ್ದ ಬೀದಿಯೇ ಹಿಡಿಸಿತ್ತು. “ಊರಿಗೆ ಹೋಗೋದು ವರ್ಷಕ್ಕೆ ನಾಕು ಸಲ ಕಣ್ರಿ. ಮನೆ ನೋಡ್ರಿ ಅಂದ್ರೆ ಬಸ್‌ಸ್ಟಾಪ್ ನೋಡ್ತಿದೀರಲ್ಲ! ಅಲ್ಲೇ ಒಂದು ಚಾಪೆ ಹಾಸ್ಕಂಡು ಇದ್ದುಬಿಡಾಣ ಬಿಡ್ರಿ” ಎಂದಳು. ನಾನು ನಕ್ಕೆ. ಆದರೆ ತೀರ್ಮಾನ ಬದಲಿಸಲಿಲ್ಲ.

ಒಪ್ಪಂದಕ್ಕೆ ಮುಂಚೆ ಹೊಸದುರ್ಗದ ಹತ್ತಿರದ ನಮ್ಮೂರು ಮತ್ತೋಡಿನಿಂದ ಅಪ್ಪನನ್ನು ಕರೆಸಿ ಮನೆ ತೋರಿಸಿದೆ. ಅಪ್ಪ ಕುರಿ ಸಾಕುವವನು. ಅವತ್ತು ಭಾನುವಾರ, ಬಡಾವಣೆ ತಣ್ಣಗಿತ್ತು. ಅಪ್ಪ ಕೋಣೆಗಳನ್ನು ನೋಡದೆ ನೇರ ತಾರಸಿಗೆ ಹತ್ತಿದ. ಹೆಗಲ ಮೇಲಿನ ಕಂಬಳಿಯಿಂದ ಒಂದು ಎಳೆ ಕಿತ್ತು ಗಾಳಿಗೆ ಬಿಟ್ಟ. ಹೊಸ ಜಾಗದಲ್ಲಿ ಕುರಿಮಂದೆ ಕೂಡಿಹಾಕುವ ಮುಂಚೆ ನಮ್ಮವರು ಹೀಗೆ ಗಾಳಿಯ ದಿಕ್ಕು ನೋಡುತ್ತಾರೆ. ಧೂಳು ಬರುವ ಕಡೆ ಕೂಡಿದರೆ ಮರಿಗಳಿಗೆ ಕೆಮ್ಮು ಹತ್ತುತ್ತದೆ. ಹಿಂದಿನ ಬೀದಿಯ ಕಡೆಯಿಂದ ಬೀಸಿದ ಗಾಳಿಗೆ ಎಳೆ ತೇಲಿ ಅಡುಗೆಮನೆಯ ಕಿಟಕಿಯತ್ತ ಇಳಿಯಿತು.

“ಆ ಕಡೆ ಏನೈತೆ?” ಎಂದು ಅಪ್ಪ ಮಾಲೀಕರನ್ನು ಕೇಳಿದ. ಅಲ್ಲೊಂದು ತಗಡಿನ ಶೆಡ್ಡು, ಬೀಗ ಹಾಕಿತ್ತು.

“ಕಲ್ಲಿನ ಕೆಲಸ ಮಾಡ್ತಾರೆ. ಹಗಲು ಮಾತ್ರ” ಎಂದರು ಮಾಲೀಕರು.

“ಅಪ್ಪ, ಇದು ಮನೆ. ಕುರಿ ದೊಡ್ಡಿ ಅಲ್ಲ” ಎಂದೆ ನಾನು.

“ಕುರಿಗೆ ನೋಡ್ತೀವಿ, ಮಗೀಗೆ ನೋಡಬಾರ್ದೇನಪ್ಪ?” ಎಂದ.

‘ಕಲ್ಲಿನ ಕೆಲಸ, ಹಗಲು ಮಾತ್ರ’ ಎಂದು ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಇದೆ. ಎಂಥ ಕೆಲಸ ಎಂದು ನಾನು ಕೇಳಲಿಲ್ಲ. ಕೆಲಸದ ದಿನ ಮತ್ತೊಮ್ಮೆ ಬಂದು ನೋಡಲೂ ಇಲ್ಲ.

ಸಾಮಾನು ಇಳಿಸಿದ ಮಾರನೆಯ ಬೆಳಿಗ್ಗೆ ಶೆಡ್ಡಿನಲ್ಲಿ ಗ್ರಾನೈಟ್ ಕೊಯ್ಯುವ ಯಂತ್ರ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಒಣಗಲು ಹಾಕಿದ ಬಟ್ಟೆಯ ಮೇಲೆ ಬಿಳಿ ಪುಡಿ ಕೂತಿತ್ತು. ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದೆ, ಬೆರಳು ಬೆಳ್ಳಗಾಯಿತು. ಹೊಳಲ್ಕೆರೆ ಕಡೆ ಅದಿರಿನ ಲಾರಿಗಳು ಓಡಾಡುವ ರಸ್ತೆಯಲ್ಲಿ ಮೆಕ್ಕೆಜೋಳದ ಗರಿಗಳನ್ನು ಹೀಗೆಯೇ ಮುಟ್ಟಿ ನೋಡಿ, ಬೆರಳಿಗೆ ಕೆಂಪು ಅಂಟಿತೆಂದು ಸುದ್ದಿ ಬರೆದವನು ನಾನು.

ಶಾಲೆ ಶುರುವಾದ ಮೂರನೇ ವಾರಕ್ಕೆ ಮಗಳಿಗೆ ಕೆಮ್ಮು ಹಿಡಿಯಿತು. ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿದೆವು. ನಾಲ್ಕನೇ ವಾರದಲ್ಲಿ ಅವಳು ಮಹಡಿ ಹತ್ತುವಾಗ ನಡುವೆ ಕೂರತೊಡಗಿದಳು. ಒಂದು ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಅವಳ ತುಟಿ ನೀಲಿಯಾಗಿತ್ತು. ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡ ಹಾಕಿ ನಾಲ್ಕು ದಿನ ಇಟ್ಟುಕೊಂಡರು. “ಔಷಧಿ ಕೊಡ್ತೀವಿ. ಮೊದಲು ಮನೆ ಬದಲಾಯಿಸಿ” ಎಂದರು ಡಾಕ್ಟರು.

ಹೊಂಗೆ ಮರದ ಬೀದಿಗೆ ಓಡಿದೆ. ಆ ಮನೆಗೆ ಬೇರೆಯವರು ಬಂದಾಗಿತ್ತು, ಬಾಗಿಲಲ್ಲಿ ಯಾರದೋ ಮಗುವಿನ ಸೈಕಲ್ಲು. ಅದೇ ಬೀದಿಯಲ್ಲಿ ಇನ್ನೆರಡು ಮನೆ ಖಾಲಿ ಇದ್ದವು. ಒಂದರ ಮಾಲೀಕರು ನಾವು ಯಾವ ಜನ ಎಂದು ಕೇಳಿದರು. ಹೇಳಿದೆ. ಮನೆ ಕೊಡುವ ವಿಚಾರವಿಲ್ಲ ಎಂದರು. ಇನ್ನೊಬ್ಬರು ಮಾಂಸ ಬೇಯಿಸುತ್ತೀರಾ ಎಂದು ಮಾತ್ರ ಕೇಳಿ ಬಾಗಿಲು ಹಾಕಿಕೊಂಡರು. ಮಗಳು ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಮತ್ತೆ ಉಬ್ಬಸ ಬಂತು. ಬೇರೆ ಮನೆ ಸಿಗುವವರೆಗೆ ಅವಳನ್ನು ಆ ಧೂಳಿನಲ್ಲಿ ಇಟ್ಟುಕೊಳ್ಳುವ ಧೈರ್ಯ ನಮಗಿಬ್ಬರಿಗೂ ಉಳಿಯಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. “ನಾಳೆ ಬರ್ತೀನಿ” ಎಂದಷ್ಟೇ ಹೇಳಿದ.

ಹೊರಡುವ ದಿನ ಮಗಳು ಶಾಲೆಯ ಹೊಸ ಚೀಲಕ್ಕೆ ಬಟ್ಟೆ ತುಂಬಿಕೊಂಡಳು. “ಅಜ್ಜ, ಮತ್ತೋಡ ಶಾಲೆನಾಗೆ ಇಂಗ್ಲಿಷ್ ಪ್ರಾರ್ಥನೆ ಇರ್ತೈತಾ?” ಎಂದು ಕೇಳಿದಳು.

“ಕುರಿಗೆ ಅರ್ಥ ಆಗಂಗೆ ಇರ್ತೈತೆ, ಬಾರವ್ವ” ಎಂದ ಅಪ್ಪ. ಅವಳು ನಕ್ಕಳು, ನಗು ಕೆಮ್ಮಾಯಿತು. ಹೆಂಡತಿ ಬೆನ್ನು ಸವರುತ್ತಾ ನಿಂತಳು.

ಬಸ್ಸು ನಿಲ್ಲುವ ಜಾಗಕ್ಕೆ ಅವತ್ತು ಇಪ್ಪತ್ತು ನಿಮಿಷ ಹಿಡಿಯಿತು. ಮಗಳು ದಾರಿಯಲ್ಲಿ ಮೂರು ಕಡೆ ನಿಂತಳು. ಹೊಸದುರ್ಗದ ಬಸ್ಸು ಬಂತು. ಅಪ್ಪ ಒಳಗೆ ಹೋಗಿ ಗಾಳಿ ಎತ್ತಲಿಂದ ಬರುತ್ತಿದೆ ಎಂದು ನೋಡಿ, ಧೂಳು ನುಗ್ಗದ ಬದಿಯ ಸೀಟು ಹಿಡಿದು ಅವಳನ್ನು ಕೂರಿಸಿದ. ಕಂಬಳಿಯ ಅಂಚನ್ನು ಅವಳ ಮೂಗಿನ ತನಕ ಎಳೆದ. ಬಸ್ಸು ಹೊರಟಾಗ ಅವಳ ಕಣ್ಣು ಮಾತ್ರ ಕಾಣುತ್ತಿತ್ತು.

ನಾನೂ ಹೆಂಡತಿಯೂ ವಾಪಸು ನಡೆದೆವು. ಮನೆ ತಲುಪಿದಾಗ ಗಡಿಯಾರ ನೋಡಿದೆ. ಎಂಟೇ ನಿಮಿಷ.