ಪಥ್ಯದ ಲೆಕ್ಕ

ಅಕ್ಕನಿಗೆ ಫಿಟ್ಸ್ ಬಂದಾಗಲೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ: ದಿನ, ಹೊತ್ತು, ಎಷ್ಟು ನಿಮಿಷ, ಹಿಂದಿನ ದಿನ ಏನು ತಿಂದಿದ್ದಳು. ಆಸ್ಪತ್ರೆಯ ಗುಳಿಗೆ ನುಂಗುತ್ತಿದ್ದ ಕೊನೆಯ ನಾಲ್ಕು ತಿಂಗಳಲ್ಲಿ ಎರಡು ಸಲ ಬಂದಿತ್ತು. ಆದರೆ ಗುಳಿಗೆಯಿಂದ ಅವಳಿಗೆ ದಿನವಿಡೀ ಮಂಪರು. ಅದನ್ನು ನೋಡಲಾಗದೆ ಅವ್ವ ಜಗಳೂರಿನಿಂದ ಮೂರು ಬಸ್ಸು ಬದಲಿಸಿ, ನ್ಯಾಮತಿ ಕಡೆಯ ಹಳ್ಳಿಯಲ್ಲಿ ನಾಟಿ ಔಷಧಿ ಕೊಡುವ ಅಜ್ಜನ ಹತ್ತಿರ ಕರೆದೊಯ್ಯತೊಡಗಿದಳು. ಅಮಾವಾಸ್ಯೆಗೊಂದು ಉಂಡೆ. ಗುಳಿಗೆ ಬಿಡಬೇಕು, ಬದನೆಕಾಯಿ ಮುಟ್ಟಬಾರದು.

ಮೂರನೇ ಅಮಾವಾಸ್ಯೆಗೆ ನಾನೂ ಹೋದೆ. ಕಾಲೇಜಿನಲ್ಲಿ ಆಗಷ್ಟೇ ಕೇಳಿದ ಪಾಠ ತಲೆಯಲ್ಲಿತ್ತು: ಒಂದು ಮಾತನ್ನು ಪರೀಕ್ಷಿಸಬೇಕಾದರೆ, ಏನಾದರೆ ಅದು ಸುಳ್ಳು ಎಂದು ಮೊದಲೇ ಹೇಳಿರಬೇಕು.

"ಅಜ್ಜಾ, ಏನಾದ್ರೆ ನಿಮ್ಮ ಔಷಧಿ ಕೆಲಸ ಮಾಡಿಲ್ಲ ಅಂತ ಒಪ್ತೀರಿ?"

"ಪಥ್ಯ ಸರಿಯಾಗಿ ಮಾಡಿದೋರಿಗೆ ವಾಸಿ ಆಗದೇ ಇಲ್ಲವ್ವ."

"ಸರಿಯಾಗಿ ಮಾಡ್ಯಾರೆ ಅಂತ ಹೆಂಗೆ ಗೊತ್ತಾಗ್ತೈತೆ?"

"ವಾಸಿ ಆಗ್ತೈತಲ್ಲ!"

ಸಾಲಿನಲ್ಲಿ ಕೂತವರು ನಕ್ಕರು. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವ್ವ ನನ್ನ ತೋಳು ಚಿವುಟಿ, "ಬಾಯಿ ಮುಚ್ಕಂಡು ಕೂರೆ" ಎಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ನನ್ನ ಕಿವಿಯಲ್ಲಿ ಒಂದು ಗುಟ್ಟು ಹೇಳಿದಳು. ಪಕ್ಕದ ಮನೆಯಲ್ಲಿ ಬದನೆಕಾಯಿ ಎಣಗಾಯಿ ಮಾಡಿದಾಗಲೆಲ್ಲ ಕದ್ದು ತಿನ್ನುತ್ತಿದ್ದಳಂತೆ. "ಬೇಕಾದ್ರೆ ಇದನ್ನೂ ಬರ್ಕ." ದಿನಗಳನ್ನು ನೆನಪು ಮಾಡಿ ಹೇಳಿದಳು, ಬರೆದುಕೊಂಡೆ.

ಗುಳಿಗೆ ಬಿಟ್ಟು ನಾಲ್ಕು ತಿಂಗಳಾಗುವಷ್ಟರಲ್ಲಿ ಬದನೆಕಾಯಿಯ ದಿನಗಳು ಏಳು, ಫಿಟ್ಸ್ ಒಂಬತ್ತು. ಗುಳಿಗೆ ಮತ್ತೆ ಶುರು ಮಾಡಿಸಬೇಕು ಅನ್ನಿಸಿತು. ಆದರೂ ಇನ್ನೊಂದು ತಿಂಗಳ ಲೆಕ್ಕ ಸಿಕ್ಕರೆ ಅನುಮಾನವೇ ಉಳಿಯುವುದಿಲ್ಲ ಎಂದು ಕಾದೆ.

ಆ ತಿಂಗಳಲ್ಲೇ ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಫಿಟ್ಸ್ ಬಂದು ನೀರಿನ ತೊಟ್ಟಿಗೆ ಬಿದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ; ನಾವು ಬರುವಷ್ಟರಲ್ಲಿ ಜೀವ ಹೋಗಿತ್ತು. ಹಿಂದಿನ ದಿನ ಅವಳು ಗೋಗರೆದಳೆಂದು ಅವ್ವ ತಾನೇ ಎರಡು ಹೋಳು ಬದನೆಕಾಯಿ ಬಡಿಸಿದ್ದಳು. ಮಾತಾಡಿಸಲು ಬಂದವರಿಗೆಲ್ಲ ಅದೊಂದೇ ಮಾತು: "ನನ್ನ ಕೈಯಾರೆ ಹಾಕಿದೆ."

ತಿಂಗಳಾದ ಮೇಲೆ ನೋಟ್‌ಬುಕ್ ತೆರೆದು ತೋರಿಸಿದೆ.

"ನೋಡವ್ವ, ಕದ್ದು ಏಳು ಸಲ ತಿಂದಿದ್ಲು. ಒಂದ್ಸಲಾನೂ ಮರುದಿನ ಬಂದಿಲ್ಲ. ಬದನೆಕಾಯಿಂದ ಅಲ್ಲ."

ಅವ್ವ ಆ ದಿನಗಳಿಗೆ ನಾನು ಎಳೆದಿದ್ದ ಏಳು ಗೀಟುಗಳ ಮೇಲೂ ಬೆರಳಿಟ್ಟು ಎಣಿಸಿದಳು.

"ಹಂಗಾದ್ರೆ ಗುಳಿಗೆ ಬಿಡಿಸಿದ್ದಕ್ಕಾ?"

ಗುಳಿಗೆ ಇದ್ದಾಗ ಎರಡು, ಬಿಟ್ಟ ಮೇಲೆ ಒಂಬತ್ತು: ಆ ಲೆಕ್ಕ ಮುಂದಿನ ಪುಟದಲ್ಲಿತ್ತು. ನಾನು ಪುಟ ತಿರುಗಿಸಲಿಲ್ಲ.

"ಇಷ್ಟು ಕಡಿಮೆ ಲೆಕ್ಕದಾಗೆ ಅದನ್ನ ಹೇಳಾಕೆ ಬರಲ್ಲವ್ವ."

"ಬದನೆಕಾಯಿಗೆ ಹೇಳಾಕೆ ಬಂತಲ್ಲ?"

ಗುಳಿಗೆ ಬಿಡಿಸಿದವಳು ಅವಳು. ಒಂಬತ್ತನ್ನೂ ಎಣಿಸಿ ಇನ್ನೊಂದು ತಿಂಗಳು ಕಾದವಳು ನಾನು. ಅದನ್ನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.