ಅತ್ತೆಗೆ ಹೇಳದೆ ಬಿಟ್ಟ ಮಾತು

ಹಸು ನುಗ್ಗಿ ಬರುವಾಗ ನೆಲ ಅದುರುತ್ತದೆಂದು ನಾನು ತಿಳಿದದ್ದು ಇಂಗ್ಲೆಂಡಿನಲ್ಲಿ. ಮೈಸೂರಿನ ರಸ್ತೆಗಳಲ್ಲಿ ಹಸುಗಳ ಪಕ್ಕದಲ್ಲೇ ನುಸುಳಿ ಸ್ಕೂಟರ್ ಓಡಿಸುತ್ತಿದ್ದವಳಿಗೆ ಅದು ಗೊತ್ತಿರಲಿಲ್ಲ.

ಗಂಡನ ಕೆಲಸ ಮ್ಯಾಕಲ್ಸ್‌ಫೀಲ್ಡಿನ ಔಷಧ ಕಾರ್ಖಾನೆಯಲ್ಲಿ. ಮೊದಲ ಚಳಿಗಾಲವನ್ನು ಕಿಟಕಿಯ ಪಕ್ಕ ಕೂತೇ ಕಳೆದೆ. ಆಮೇಲೆ ಲೈಬ್ರರಿಯಲ್ಲಿ ಅಂಟಿಸಿದ್ದ ಚೀಟಿ ನೋಡಿ, ಭಾನುವಾರ ಹಕ್ಕಿ ನೋಡಲು ಹೋಗುವ ಗುಂಪಿಗೆ ಸೇರಿದೆ. ಅಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಹೊಸಬರಿಗೆ ಅದು ದೊಡ್ಡ ಉಪಕಾರ.

ಮೂರನೇ ವರ್ಷದ ಮೇ ತಿಂಗಳಲ್ಲಿ, ಮೈಸೂರಿನಿಂದ ಬಂದಿದ್ದ ಅತ್ತೆಯನ್ನೂ ಕರೆದೊಯ್ದೆ. ಅವರಿಗೆ ಇಂಗ್ಲಿಷ್ ಬಾರದು. ಸೀರೆಯ ಕೆಳಗೆ ಮಗನ ಬೂಟು, ಕೊರಳಲ್ಲಿ ನನ್ನ ದುರ್ಬೀನು. ಕಣಿವೆಯ ಮೇಲೆ ಜುಟ್ಟಿನ ಹಕ್ಕಿಯೊಂದು ಪಲ್ಟಿ ಹೊಡೆಯುತ್ತ ಕೂಗಿತು. ಇಲ್ಲಿಯವರು ಅದರ ಕೂಗನ್ನೇ ಹೆಸರು ಮಾಡಿ ‘ಪೀವಿಟ್’ ಎನ್ನುತ್ತಾರೆ. ನಮ್ಮ ಟಿಟ್ಟಿಭದ ದಾಯಾದಿ.

“ನಮ್ದು ಇದಕ್ಕಿಂತ ಜೋರಾಗಿ ಬೈಯುತ್ತೆ,” ಎಂದರು ಅತ್ತೆ.

ಮುಂದೆ ಕಲ್ಲುಗೋಡೆ, ಹತ್ತಿ ದಾಟಲು ಮೆಟ್ಟಿಲು. ಗುಂಪನ್ನು ನಡೆಸುತ್ತಿದ್ದ ನಿವೃತ್ತ ಶಿಕ್ಷಕಿ ಜೋನ್ ಅಲ್ಲಿ ಎಲ್ಲರನ್ನೂ ನಿಲ್ಲಿಸಿದರು. ಆಚೆ ಕರು ಹಾಕಿದ ಹಸುಗಳಿವೆ, ಹತ್ತಿರ ಹೋಗಬೇಡಿ, ಗೋಡೆಯ ಪಕ್ಕವೇ ನಡೆಯಿರಿ ಎಂದರು.

“ಏನಂತೆ?” ಅತ್ತೆ ಕೇಳಿದರು.

“ಏನಿಲ್ಲ, ಗೋಡೆ ಪಕ್ಕ ನಡೀಬೇಕಂತೆ.”

ಉಳಿದದ್ದನ್ನು ನುಂಗಿದೆ. ದಿನಾ ಬೆಳಿಗ್ಗೆ ಹಸು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರಿಗೆ ಇವರೇನು ಹೇಳಿಕೊಡುವುದು ಎಂಬ ಜಂಭ.

ಆಚೆ ಇಳಿದಾಗ ಕಂದು ಕರುವೊಂದು ಹುಲ್ಲಿನಲ್ಲಿ ಮಲಗಿತ್ತು. ಅದರಾಚೆ ತಾಯಿ. “ಎಷ್ಟು ದಿನ ಆಯ್ತು ಕಣೆ ಒಂದು ಹಸು ಮುಟ್ಟಿ,” ಎಂದು ಅತ್ತೆ ಗೋಡೆ ಬಿಟ್ಟು ಹೊರಟರು. “ಹೋಗಿ ಅತ್ತೆ, ಫೋಟೋ ತೆಗೀತೀನಿ,” ಎಂದವಳೂ ನಾನೇ. ಅವರು ಕರುವನ್ನು ದಾಟಿ ಬಲಗೈ ಚಾಚಿದರು. ಹಸು ತಲೆ ತಗ್ಗಿಸಿತು. ನೆಲ ಅದುರಿತು.

ಅತ್ತೆ ಬಿದ್ದರು. ನಾನು ಕ್ಯಾಮೆರಾ ಹಿಡಿದೇ ನಿಂತಿದ್ದೆ. ಜೋನ್ ಕೈಗೋಲು ಬೀಸಿ ಗದರುತ್ತ ನಡುವೆ ನುಗ್ಗಿದಾಗ ಹಸು ನಿಂತಿತು. ಅದರ ಗೊರಸು ಸೆರಗಿನ ಮೇಲಿತ್ತು. ಒಂದು ಗೇಣು ಈಚೆಗೆ ಅತ್ತೆಯ ಎದೆ. ತರಕಾರಿ ಹೆಚ್ಚುವಾಗ, ಬಸ್ಸಿಗೆ ಕಾಯುವಾಗ, ಆ ಗೇಣನ್ನು ನಾನು ಇವತ್ತಿಗೂ ಅಳೆಯುತ್ತಿರುತ್ತೇನೆ.

ಹಸು ಕರುವನ್ನು ಎಬ್ಬಿಸಿಕೊಂಡು ಹೋಯಿತು. ಜೋನ್ ಅತ್ತೆಯನ್ನು ಗೋಡೆಗೆ ಒರಗಿಸಿ, ಫ್ಲಾಸ್ಕಿನ ಚಹಾ ಕೊಟ್ಟು, “ಆಲ್ ರೈಟ್, ಲವ್?” ಎಂದರು. ಇಲ್ಲಿ ಅಂಗಡಿಯವರೂ ಗಿರಾಕಿಯನ್ನು ಹಾಗೇ ಕರೆಯುತ್ತಾರೆ. ಆಮೇಲೆ ನನ್ನತ್ತ ತಿರುಗಿ, ತಮ್ಮ ಎಚ್ಚರಿಕೆಯನ್ನು ಅತ್ತೆಗೆ ಹೇಳಿದ್ದೆಯಾ ಎಂದು ಕೇಳಿದರು.

ಹೇಳಿದ್ದೆ ಎಂದೆ.

ಅತ್ತೆಗೆ ಮಾತ್ರ ನಿಜ ಹೇಳಿದೆ. “ಹತ್ರ ಹೋಗ್ಬೇಡಿ ಅಂತ ಅವ್ರು ಆಗ್ಲೇ ಹೇಳಿದ್ರು, ನಾನೇ ನಿಮಗೆ ಹೇಳ್ಲಿಲ್ಲ.”

ಅವರು ಊದಿಕೊಂಡ ಮಣಿಕಟ್ಟು ನೋಡಿಕೊಂಡರು. “ಬಿಡು. ಬಾಣಂತಿ ಹತ್ರ ಹೇಳದೆ ಕೇಳದೆ ನುಗ್ಗಿದ್ರೆ ಯಾರು ಸುಮ್ನಿರ್ತಾರೆ?” ಸಂಜೆ ಫೋನ್ ಕಾರ್ಡಿನ ನಂಬರ್ ಉಜ್ಜಿ ತೆಗೆದು ಮೈಸೂರಿಗೆ ಮಾತಾಡಿದಾಗ, ಜಾರಿ ಬಿದ್ದೆ ಎಂದು ಮಾವನಿಗೆ ಹೇಳಿದರು.

ಈಗ ಗುಂಪಿಗೆ ಹೊಸಬರು ಬಂದರೆ ಕರುಗಳ ಎಚ್ಚರಿಕೆ ಹೇಳುವವಳು ನಾನು. ಜೋನ್ ಆ ಕೆಲಸವನ್ನು ನನ್ನನ್ನು ನಂಬಿ ಕೊಟ್ಟಿದ್ದಾರೆ. ನನ್ನ ಸುಳ್ಳು ಅವರಿಗೆ ಗೊತ್ತಿಲ್ಲ.

ಕಳೆದ ರಜೆಯಲ್ಲಿ ಮೈಸೂರಿಗೆ ಹೋದಾಗ ಮನೆ ಮುಂದೆ ಹಸು ಬಂದು ನಿಂತಿತು. “ಬಾರೆ, ಇದು ನಮ್ಮ ಬೀದಿದೇ,” ಎಂದು ಅತ್ತೆ ಅದರ ಕೊರಳು ಸವರುತ್ತ ಕರೆದರು. ನಾನು ಗೇಟಿನ ಒಳಗೇ ನಿಂತು, ಕರು ಎಲ್ಲಿದೆ ಎಂದು ಹುಡುಕುತ್ತಿದ್ದೆ.